ರೊಳ್ಳದ ಲಕ್ಷ್ಮಕ್ಕನ ದಾಖಲೆ

ನಂಬದಿದ್ದರೆ ಬೇಡ. ನನಗೂ ನಂಬುವ ಆಸೆಯಿಲ್ಲ. ಆದರೆ ಆ ರಾತ್ರಿ ಕಂಪ್ಯೂಟರಿನ ಮುಂದೆ ಕೂತಿದ್ದವನು ನಾನೇ.

ರಾಯದುರ್ಗದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಕೆಲಸ. ಮಡಕಶಿರಾದಲ್ಲಿ ನಮ್ಮದೇ ಇನ್ನೊಂದು ಶಾಖೆಯಿದೆ. ಅಲ್ಲಿನ ಡೇಟಾಬೇಸ್ ಒಂದು ಬಗೆಯದು, ಇಲ್ಲಿನದು ಇನ್ನೊಂದು ಬಗೆಯದು. ಅಲ್ಲಿ ಬರೆದ ರೋಗಿಯ ವಿವರ ಹತ್ತು ನಿಮಿಷಕ್ಕೊಮ್ಮೆ ಇಲ್ಲಿಗೆ ಬರಲಿ, ಇಲ್ಲಿನದು ಅಲ್ಲಿಗೆ ಹೋಗಲಿ ಎಂದು ಒಂದು ಪ್ರೋಗ್ರಾಂ ಬರೆದಿದ್ದೆ. ಗದ್ದಲ ಇರುವುದಿಲ್ಲವೆಂದು ರಾತ್ರಿಯೇ ಅದನ್ನು ಮೊದಲ ಸಲ ಓಡಿಸಿದೆ.

ಒಂದು ಗಂಟೆ ದಾಟಿತ್ತು. ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಲಕ್ಷ್ಮಕ್ಕ, ಇಪ್ಪತ್ತಾರು ವರ್ಷ, ಊರು ರೊಳ್ಳ. ತುಂಬು ಗರ್ಭಿಣಿ. ರಕ್ತಸ್ರಾವ...

ಮಡಕಶಿರಾದ ನರ್ಸ್ ಪುಟ್ಟಮ್ಮನಿಗೆ ಫೋನ್ ಮಾಡಿದೆ. "ಸಿಸ್ಟರ್, ಆ ಲಕ್ಷ್ಮಕ್ಕ ಈಗ ಹೆಂಗದಾರ್ರಿ?"

"ಯಾವ ಲಕ್ಷ್ಮಕ್ಕ? ವಾರ್ಡೇ ಖಾಲಿ ಕಣಣ್ಣ. ಕರೆಂಟ್ ಹೋಗಿ ಎಲ್ಡು ಗಂಟೆ ಆಯ್ತು, ಕಂಪ್ಯೂಟ್ರೂ ಆಫಾಗೈತೆ."

ಸಾಲನ್ನು ಅಳಿಸಿದೆ. ಹತ್ತು ನಿಮಿಷಕ್ಕೆ ಮತ್ತೆ ಬಂತು... ಈ ಸಲ ರಕ್ತದ ಗುಂಪೂ ಇತ್ತು. ಓ ನೆಗೆಟಿವ್. ಮುಚ್ಚಿದ ಕೋಣೆಯಲ್ಲಿ ಎಲ್ಲಿಂದಲೋ ಹಸಿ ರಕ್ತದ ವಾಸನೆ. ಮತ್ತೆ ಪುಟ್ಟಮ್ಮನಿಗೆ ಫೋನ್ ಮಾಡಿದೆ.

"ನಗಬ್ಯಾಡ್ರಿ ಸಿಸ್ಟರ್. ಡಾಕ್ಟರಮ್ಮನ್ನ ಎಬ್ಬಿಸ್ರಿ. ಆ ಗುಂಪಿನ ರಕ್ತ ಕೊಡೋರು ಯಾರರ ಇದ್ರ ಕರೆಸ್ರಿ."

ಪುಟ್ಟಮ್ಮ ನಗಲಿಲ್ಲ. "ಅಣ್ಣ..." ದನಿ ಇಳಿದಿತ್ತು. "ಖಾಲಿ ವಾರ್ಡ್‌ನಾಗೆ ಯಾರೋ ನರಳ್ದಂಗೆ ಕೇಳ್ತೈತೆ."

ಎರಡೂವರೆಗೆ ರೊಳ್ಳದಿಂದ ಆಟೋ ಬಂತಂತೆ. ಒಳಗೆ ಲಕ್ಷ್ಮಕ್ಕ, ಇಪ್ಪತ್ತಾರು ವರ್ಷ. ಡಾಕ್ಟರು ಬಾಗಿಲಲ್ಲೇ ನಿಂತಿದ್ದರು, ರಕ್ತ ಕೊಡುವವನೂ ಬಂದಿದ್ದ. ತಾಯಿ, ಮಗು ಇಬ್ಬರೂ ಉಳಿದರು. ಕರೆಂಟ್ ಬಂದ ಮೇಲೆ ಪುಟ್ಟಮ್ಮ ಆಕೆಯ ಹೆಸರನ್ನು ಕಂಪ್ಯೂಟರಿಗೆ ಏರಿಸಿದಳು.

ಅಷ್ಟರಲ್ಲಿ ನನ್ನ ಪರದೆಯ ಮೇಲಿನ ಸಾಲಿನ ಕೊನೆಯ ಕಾಲಂ ತಾನಾಗಿಯೇ ತುಂಬಿತ್ತು. 'ಮರಣ. ಮೂರೂ ನಲವತ್ತು.'

ಅಲ್ಲಿ ಲಕ್ಷ್ಮಕ್ಕ ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಾಳೆ. ಇಲ್ಲಿ ಸತ್ತಿದ್ದಾಳೆ. ಎರಡೂ ಕಡೆ ರೋಗಿಯ ನಂಬರ್ ಒಂದೇ. ಯಾವುದನ್ನು ಉಳಿಸಲಿ ಎಂದು ಪ್ರೋಗ್ರಾಂ ಕೇಳಿತು... ಒಂದನ್ನು ಆರಿಸಿದರೆ ಎರಡೂ ಊರಲ್ಲಿ ಅದೇ ಉಳಿಯುತ್ತದೆ.

ಬದುಕಿದ್ದನ್ನೇ ಆರಿಸಬಹುದಿತ್ತಲ್ಲ ಅನ್ನುತ್ತೀರಿ. ಆರಿಸಲು ಹೋಗಿದ್ದೆ. ಮೌಸಿನ ಗುರುತು ತಾನಾಗಿಯೇ 'ಮರಣ'ದ ಮೇಲಕ್ಕೆ ಸರಿಯಿತು. ಎರಡು ಸಲ.

ಯಾವುದನ್ನೂ ಆರಿಸದೆ ಅವತ್ತೇ ಪ್ರೋಗ್ರಾಂ ನಿಲ್ಲಿಸಿದೆ. ಆಮೇಲೆ ಲಕ್ಷ್ಮಕ್ಕ ಮಗುವನ್ನೆತ್ತಿಕೊಂಡು ಮನೆಗೆ ಹೋದಳು. ಯಾವಾಗ ಶುರು ಮಾಡುತ್ತೀ ಎಂದು ಮೇಲಿನವರು ಕೇಳುತ್ತಲೇ ಇದ್ದಾರೆ. ಏನೋ ನೆಪ ಹೇಳುತ್ತಾ ಬಂದಿದ್ದೇನೆ.