ಬೇಲಿಯ ನೆಲಗುಂಬಳ

ಮೊನ್ನೆ ಹಸಿ ಗೆಣಸು ಹೆಚ್ಚುವಾಗ ಚಾಕುವಿಗೆ ಬಿಳಿಯ ಹಾಲು ಮೆತ್ತಿಕೊಂಡಿತು. ತೊಳೆದರೂ ಬೆರಳಲ್ಲಿ ಅಂಟು ಉಳಿಯಿತು. ಇಲ್ಲೇ ಹೆಗ್ಗದ್ದೆಯಲ್ಲಿ ನಮ್ಮ ಪಕ್ಕದ ತೋಟದಲ್ಲಿದ್ದ ದೊಡ್ಡಮ್ಮನ ನೆನಪಾಯಿತು. ರಕ್ತಸಂಬಂಧವೇನಲ್ಲ... ಮದುವೆಯಾಗಿ ಬಂದಾಗಿನಿಂದ ಹಾಗೆ ಕರೆದು ರೂಢಿ.

ಎರಡೂ ತೋಟಗಳ ನಡುವಿನ ಬೇಲಿಯ ಮೇಲೆ ಮಳೆಗಾಲದಲ್ಲಿ ನೆಲಗುಂಬಳದ ಬಳ್ಳಿ ಹಬ್ಬಿ, ಬೆಳಿಗ್ಗೆ ನೇರಳೆಗೆಂಪು ಹೂ ಅರಳುತ್ತಿತ್ತು. ಎದೆಹಾಲು ಹೆಚ್ಚಲಿ ಎಂದು ಅದರ ಗೆಡ್ಡೆಯನ್ನು ಒಣಗಿಸಿ, ಪುಡಿ ಮಾಡಿ, ಹಾಲಲ್ಲಿ ಕುದಿಸಿ ಬಾಣಂತಿಯರಿಗೆ ಕೊಡುತ್ತಿದ್ದರು. ನನಗೂ ದೊಡ್ಡಮ್ಮನೇ ತಂದುಕೊಟ್ಟಿದ್ದರು.

"ಹೆಸರಷ್ಟೇ ಕುಂಬಳ ದೊಡ್ಡಮ್ಮ, ಇದು ಗೆಣಸಿನ ಕುಟುಂಬದ್ದು. ಕಾನ್ವೆಂಟ್ ಕಾಲೇಜಲ್ಲಿ ಬಾಟನಿ ಕಲಿಸೋ ಸಿಸ್ಟರ್ ಹೇಳಿಕೊಟ್ಟಿದ್ರು" ಎಂದಿದ್ದೆ.

"ಆಗ್ಲಿ ಕಣವ್ವ. ನಿಮ್ಮ ಸಿಸ್ಟರಮ್ಮ ಹೇಳಿದ ನೆಂಟಸ್ತನ ಎಲ್ಲಾ ಆಮೇಲೆ ಕೂಡಿಸುವಂತೆ. ಮೊದ್ಲು ಕುಡಿ" ಎಂದು ಲೋಟ ಕೈಗಿತ್ತಿದ್ದರು.

ಅದೇ ಬೇಲಿಯಲ್ಲಿ ಅದೇ ಬಣ್ಣದ ಹೂವಿನ ಇನ್ನೊಂದು ಬಳ್ಳಿಯೂ ಇತ್ತು. ಅದರ ಎಲೆ ವೀಳ್ಯದೆಲೆಯ ಹಾಗೆ. ನೆಲಗುಂಬಳದ್ದು ಬಿಡಿಸಿದ ಅಂಗೈಯ ಹಾಗೆ. ಆ ಇನ್ನೊಂದು ಬಳ್ಳಿಯೂ ದಪ್ಪನೆಯ ಬೇರು ಬಿಡುತ್ತಿತ್ತು, ತಿಂದರೆ ಭೇದಿ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಹೆದರಿಕೆ. ಗೆಡ್ಡೆ ಅಗೆಯುವುದು ಬೇಸಿಗೆಯಲ್ಲಿ, ಬಳ್ಳಿ ಒಣಗಿದ ಮೇಲೆ. ಆಗ ಎಲೆಯೇ ಇರುವುದಿಲ್ಲ. ಅದಕ್ಕೇ ದೊಡ್ಡಮ್ಮ ಹೂ ಬಿಟ್ಟಾಗಲೇ ನೆಲಗುಂಬಳದ ಬುಡದಲ್ಲಿರುವ ಬೇಲಿಗೂಟಕ್ಕೆ ಹಳೆ ಸೀರೆಯ ಚೂರು ಕಟ್ಟಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಮಗಳು ಹೆರಿಗೆಗೆ ಬಂದಿದ್ದಳು. ಮಗು ದಿನ ತುಂಬುವ ಮೊದಲೇ ಹುಟ್ಟಿತು. ತಾಯಿಗೆ ಹಾಲು ಬರಲಿಲ್ಲ. ಗುದ್ದಲಿ ಹಿಡಿದು ನಾವಿಬ್ಬರೂ ಹೋದರೆ... ಬೇಲಿಯೇ ಇರಲಿಲ್ಲ. ಆನೆ ಕಾಟಕ್ಕೆ ಸೋಲಾರ್ ಕರೆಂಟಿನ ತಂತಿಬೇಲಿ ಹಾಕಿಸೋಣವೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದೆವು. ಕೆಲಸದವರು ಗೂಟಗಳನ್ನೆಲ್ಲ ಕಿತ್ತು, ಸೀರೆ ಚೂರಿನ ಸಮೇತ ಒಂದೆಡೆ ಒಟ್ಟಿದ್ದರು. ಬಳ್ಳಿಯ ಗುರುತು ಗೂಟದಲ್ಲಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ, ದೊಡ್ಡಮ್ಮನಿಗೂ. ನೆಲದಲ್ಲಿ ಒಣ ಮೊಂಡುಗಳು, ಎಲ್ಲ ಒಂದೇ ಥರ.

"ಓದಿದೋಳಲ್ವ ನೀನು, ನೋಡವ್ವ. ಯಾವ್ದು ಅಂತ ಏನಾರ ಗೊತ್ತಾಯ್ತದಾ?"

ಒಂದರ ಬುಡ ಕೆದಕಿ ಉಗುರಿನಿಂದ ಗೀರಿದೆ. ಹಾಲು ಜಿನುಗಿತು. ಪಕ್ಕದ್ದರಲ್ಲೂ ಜಿನುಗಿತು.

"ಗೊತ್ತಾಗ್ತಿಲ್ಲ ದೊಡ್ಡಮ್ಮ."

ಅವರು ಗುದ್ದಲಿ ಕೆಳಗಿಟ್ಟರು. "ಬುಡು. ಹಸಿ ಬಾಣಂತಿಗೆ ಅಂದಾಜಿನ ಮೇಲೆ ಹೆಂಗ್ ಕೊಡಾದು" ಎಂದು ಬಿಸಿಲಲ್ಲೇ ಕೂತುಬಿಟ್ಟರು.

ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟರು. ಅದು ಹಿಡಿಸಲಿಲ್ಲವೋ, ಹುಟ್ಟುವಾಗಲೇ ಮಗು ಅಷ್ಟು ಸಣ್ಣದಿತ್ತೋ... ತಿಂಗಳು ತುಂಬುವ ಮೊದಲೇ ಹೋಯಿತು. ತಾಯಿಗೆ ಹಾಲಿದ್ದರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ಮುಂದಿನ ಮಳೆಗಾಲದಲ್ಲಿ ಹೂ ಅರಳಿದಾಗ ದೊಡ್ಡಮ್ಮ ಬೇಲಿಯ ಕಡೆ ಬರಲೇ ಇಲ್ಲ.

ಅವರು ತೀರಿಕೊಂಡು ವರ್ಷಗಳಾದವು. ಈಗ ಬಳ್ಳಿ ತಂತಿಗೆ ಹಬ್ಬಿದರೆ ಕರೆಂಟ್ ಸೋರಿಹೋಗುತ್ತದೆ, ಆನೆ ಒಳಗೆ ನುಗ್ಗುತ್ತದೆ. ಈ ವಾರ ಗೇಟಿನ ಪಕ್ಕ ಒಂದೇ ಒಂದು ನೆಲಗುಂಬಳ ಎದ್ದಿತ್ತು. ಕಳೆ ಔಷಧಿಯ ಪಂಪು ಹೊತ್ತವನು "ಇದಕ್ಕೂ ಹೊಡೀಲಾ ಅಮ್ಮಾ?" ಎಂದು ಕೇಳಿದ. ಹೋದ ತಿಂಗಳು ಆನೆ ತೋಟದ ಕೂಲಿಯವರ ಲೈನ್ ಮನೆಗಳ ಬಾಗಿಲವರೆಗೆ ಬಂದಿತ್ತು. ಅಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಹೊಡಿ ಎಂದೆ. ಅವನು ಹೊಡೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.