ಆಕೆಯ ಪದ, ಗುರುಗಳ ಅಂಕಿತ

ಕಳೆದ ಸೋಮವಾರ ಬೆಳಿಗ್ಗೆ ಕೊಲ್ಹಾಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ತನ್ನ ಕೂಸಿಗೆಂದು ಸಾಣೆಕಲ್ಲಿನ ಮೇಲೆ ಬಜೆಯ ಬೇರನ್ನು ತೇಯುತ್ತಿದ್ದಳು. ನಾನು ಆಗತಾನೇ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದು ಕುಳಿತಿದ್ದೆ. ಆ ಖಾರವಾದ, ಹಸಿಮಣ್ಣಿನಂಥ ವಾಸನೆ ಮೂಗಿಗೆ ಮುಟ್ಟಿತು. ಕೈಯಲ್ಲಿದ್ದ ಪತ್ರಿಕೆ ಕೈಯಲ್ಲಿಯೇ ಉಳಿಯಿತು... ಅರವತ್ತು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಹಾಡಲು ಕುಳಿತುಕೊಳ್ಳುವ ಮುಂಚೆ ಇದೇ ಬೇರಿನ ಚೂರನ್ನು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಾರ್ಮೋನಿಯಂ ಪೇಟಿ ಹಿಡಿದು ಪಕ್ಕದಲ್ಲಿ ಕುಳಿತ ನನಗೆ, ಆಕೆಯ ಷಡ್ಜಕ್ಕಿಂತ ಮೊದಲು ಈ ವಾಸನೆಯೇ ಬಂದು ತಲುಪುತ್ತಿತ್ತು.

ಆಕೆ ಗಡಹಿಂಗ್ಲಜದಲ್ಲಿ ನಮ್ಮ ನೆರೆಮನೆಯ ಮಗಳು. ತಂದೆಗೆ ಬೆಲ್ಲದ ವ್ಯಾಪಾರ. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನಾವಿಬ್ಬರೂ ಒಬ್ಬರೇ ಗುರುಗಳಲ್ಲಿ ಸಂಗೀತ ಕಲಿತವರು. ನಾನು ಹತ್ತು ವರ್ಷ ಹಿರಿಯನಾದ್ದರಿಂದ ಆಕೆಗೆ ಅಣ್ಣನಾದೆ, ನನಗೆ ಆಕೆ ತಂಗಿಯಾದಳು. ಗುರುಗಳು ಹಿರಣ್ಯಕೇಶಿಯ ದಂಡೆಯ ಮಠದ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದರು. ಖ್ಯಾಲು ಕಲಿಸುವುದೇ ಅವರ ಜೀವನವಾಗಿತ್ತು. ತಾವೇ ಕಟ್ಟಿದ ಐದಾರು ಕನ್ನಡ ಪದಗಳೂ ಇದ್ದವು. ಪ್ರತಿಯೊಂದು ಪದದ ಕೊನೆಯ ಸಾಲಿನಲ್ಲಿ ‘ಹೊಳೆದಂಡೆಯ ಲಿಂಗ’ವೆಂಬ ಅಂಕಿತ. ಆ ಅಂಕಿತ ಕೇಳಿದರೆ ಸಾಕು, ಪದ ಇಂಥವರದೆಂದು ಊರೆಲ್ಲ ಕೈಮುಗಿಯುತ್ತಿತ್ತು.

ಐವತ್ತರ ದಶಕದ ಕೊನೆಯಲ್ಲಿ ಗುರುಗಳು ಲಿಂಗೈಕ್ಯರಾದರು. ಆಕೆಗೆ ಆಗ ಹದಿನೆಂಟು ತುಂಬಿರಲಿಲ್ಲ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ‘ಒಂದು ಪದಾ ಮಾಡೇನ್ರಿ ಅಣ್ಣಾರ, ಕೇಳ್ತೀರೇನ?’ ಎಂದಳು. ಹಾಡಿದಳು. ನೀರಿಗೆ ಬಂದವಳು ನೀರನ್ನೇ ಮರೆತು ನಿಂತಳು, ಕೊಡ ತುಂಬಲಿಲ್ಲ, ಆದರೂ ಸೊಂಟ ಭಾರವಾಯಿತು ಎಂಬ ಭಾವ. ರಾಗ ನಮ್ಮ ಪಾಠದ್ದೇ. ಆದರೆ ಅದು ನಡೆಯುವ ರೀತಿ ನಾನು ಎಲ್ಲಿಯೂ ಕೇಳದಂಥದು. ಕೊನೆಯ ಸಾಲಿನಲ್ಲಿ ಆಕೆ ತನ್ನದೇ ಹೆಸರನ್ನು ಇಟ್ಟುಕೊಂಡಿದ್ದಳು.

ನನಗೆ ಅದು ಸರಿಬರಲಿಲ್ಲ. ಗುರುಗಳು ಹೋಗಿ ವರ್ಷವಾಗಿದೆ, ಇಷ್ಟು ಸಣ್ಣ ವಯಸ್ಸಿಗೆ ಸ್ವಂತ ಹೆಸರು ಅಹಂಕಾರವಾಗುತ್ತದೆ, ಗುರುಗಳ ಅಂಕಿತವನ್ನೇ ಇಡು, ಅದೇ ಗುರುಕಾಣಿಕೆ ಎಂದು ಬುದ್ಧಿ ಹೇಳಿದೆ.

‘ಹಂಗ ಇಟ್ಟರ ಪದಾ ಯಾರದಾಗತೈತ್ರಿ?’ ಎಂದು ಕೇಳಿದಳು.

‘ಗುರುವಿನ ಪಾದಕ್ಕ ಏರಿಸಿದ ಹೂವಿಗೆ, ನೀ ಯಾರ ಹಿತ್ತಲದ್ದು ಅಂತ ಕೇಳತಾರೇನವ್ವಾ?’ ಎಂದೆ.

ಈ ಮಾತು ನನಗೇ ಬಹಳ ಮೆಚ್ಚುಗೆಯಾಗಿತ್ತು. ಆಕೆ ತಲೆ ಬಾಗಿಸಿ ಒಪ್ಪಿಕೊಂಡಳು. ಮುಂದಿನ ಎರಡು ವರ್ಷಗಳಲ್ಲಿ ಅದೂ ಸೇರಿ ಹದಿನಾಲ್ಕು ಪದಗಳಾದವು. ಹದಿನಾಲ್ಕಕ್ಕೂ ಹೊಳೆದಂಡೆಯ ಲಿಂಗದ ಅಂಕಿತ.

ಇಚಲಕರಂಜಿಯಲ್ಲಿ ಮಗ್ಗದ ಮಾಲೀಕರೊಬ್ಬರ ಮನೆಯ ಗೃಹಪ್ರವೇಶಕ್ಕೆ ಆಕೆಯ ಹಾಡಿಕೆ ನಡೆಯಿತು. ತಬಲಾ ನುಡಿಸಿದವರು ಅಲ್ಲಿಯ ಮಗ್ಗದ ಶೆಡ್ಡಿನಲ್ಲಿಯೇ ದುಡಿಯುತ್ತಿದ್ದ ಒಬ್ಬ ಚಾಚಾ. ಸುತ್ತಲೂ ಮಗ್ಗಗಳು ಖಟಖಟಿಸುತ್ತಿರುವಾಗಲೂ ಅವರ ಲಯ ಎಳ್ಳಷ್ಟು ಸರಿಯುತ್ತಿರಲಿಲ್ಲ. ಅಂದು ಕೇಳಲು ಬಂದಿದ್ದ ಕೊಲ್ಹಾಪುರದ ಸಂಗೀತ ಸಂಘದವರು ದೇಶದ ಬೇರೆ ಬೇರೆ ಊರುಗಳ ಸಂಘಗಳಿಗೆ ಪತ್ರ ಬರೆದು ಆಕೆಯ ದೌರೆಯನ್ನು, ಹಾಡಿಕೆಯ ಪ್ರವಾಸವನ್ನು, ಗೊತ್ತುಮಾಡಿದರು. ಪುಣೆ, ಮುಂಬಯಿ, ಇಂದೂರ, ದಿಲ್ಲಿ, ಕಲಕತ್ತೆ, ನಾಗಪುರ, ಮರಳಿ ಕೊಲ್ಹಾಪುರ. ಏಳು ವಾರ. ಅರವತ್ತರ ದಶಕದ ಆರಂಭದ ಆ ದಿನಗಳಲ್ಲಿ ಗಡಹಿಂಗ್ಲಜದ ಹೆಣ್ಣುಮಗಳೊಬ್ಬಳು ಹಾಡುವುದಕ್ಕೆಂದು ಕಲಕತ್ತೆಯವರೆಗೆ ಹೋಗುವುದು ಯಾರೂ ಕಂಡು ಕೇಳಿದ ಸಂಗತಿಯಲ್ಲ. ಕಾವಲಿಗೆಂದು ಆಕೆಯ ವಿಧವೆಯಾದ ಸೋದರತ್ತೆ ಹೊರಟರು. ಪೇಟಿಗೆ ನಾನು, ತಬಲಾಕ್ಕೆ ಚಾಚಾ.

ಹೊರಡುವ ಮುನ್ನ ಸಂಘದವರು ಕಾರ್ಯಕ್ರಮದ ಪತ್ರಿಕೆ ಅಚ್ಚುಹಾಕಿಸಲು ಪದಗಳ ಯಾದಿ ಕೇಳಿದರು. ಯಾವ ಪದ ಯಾರ ರಚನೆಯೆಂದೂ ಬರೆಯಬೇಕಿತ್ತು. ನಾನು ನನ್ನ ದುಂಡು ಅಕ್ಷರಗಳಲ್ಲಿ ಹದಿನಾಲ್ಕೂ ಪದಗಳ ಮುಂದೆ ಗುರುಗಳ ಹೆಸರನ್ನು ಬರೆದೆ. ಅಂಕಿತ ಅವರದಾಗಿರಲಾಗಿ ಬೇರೆಯ ಹೆಸರು ಹೇಗೆ ಬರೆಯುವುದು? ಹೀಗೆಯೇ ನಾನು ವಿಚಾರ ಮಾಡಿದ್ದು.

ಆ ಪ್ರಯಾಣದ ದಣಿವು ಈಗಲೂ ನನ್ನ ಮೊಣಕಾಲುಗಳಲ್ಲಿದೆ. ಮಿರಜದಲ್ಲಿ ಗಾಡಿ ಬದಲಿಸಿ, ಮೂರನೆಯ ತರಗತಿಯ ಹಲಗೆಯ ಮೇಲೆ ಕುಳಿತು, ಕೌದಿಯಲ್ಲಿ ಸುತ್ತಿದ ತಂಬೂರಿಯನ್ನು ಕೂಸಿನಂತೆ ಸರದಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ಕಿಟಕಿಯಿಂದ ಬರುವ ಕಲ್ಲಿದ್ದಲ ಪುಡಿ ಆಕೆಯ ಗಂಟಲಿಗೆ ಹೋಗದಂತೆ ಅತ್ತೆಯವರು ತಮ್ಮ ಸೆರಗನ್ನು ಅಡ್ಡ ಹಿಡಿಯುತ್ತಿದ್ದರು. ಲಿಂಗಪೂಜೆಯಾಗದೆ ಅವರು ಬಾಯಿಗೆ ನೀರನ್ನೂ ಹಾಕುವವರಲ್ಲ. ಅದಕ್ಕಾಗಿ ದೊಡ್ಡ ನಿಲ್ದಾಣದ ಹಾದಿಯನ್ನೇ ಕಾಯಬೇಕಾಗುತ್ತಿತ್ತು. ಗಾಡಿ ನಿಂತೊಡನೆ ಚಾಚಾ ತಂಬಿಗೆ ಹಿಡಿದು ನಳದ ಕಡೆಗೆ ಓಡುತ್ತಿದ್ದರು.

‘ಅಕ್ಕಾರ, ನಿಮ್ಮ ಪೂಜಿ ಮುಗಿಯೂದ್ರಾಗ ಇಂದೂರ ಹಿಂದ ಬೀಳತೈತಿ ನೋಡ್ರಿ!’ ಎಂದು ಚಾಚಾ ಕೆಣಕುವರು.

‘ಬಿದ್ದರ ಬೀಳವಲ್ದ್ಯಾಕ. ನಿಮ್ಮ ಬೀಡಿ ಮುಗಿಯೂತನಕ ಇಂದೂರ ಹೆಂಗ ನಿಲ್ಲತೈತಿ, ಹಂಗ ನನ್ನ ದೇವರಿಗೂ ನಿಲ್ಲತೈತಿ’ ಎಂದು ಅತ್ತೆಯವರು ಕಣ್ಣು ಮುಚ್ಚಿದಲ್ಲಿಂದಲೇ ಉತ್ತರ ಕೊಡುವರು. ನಾವು ನಕ್ಕದ್ದು ಇಂಥ ಒಂದೆರಡು ಸಲ ಮಾತ್ರ. ಉಳಿದದ್ದೆಲ್ಲ ಗಂಟು ಕಟ್ಟುವುದು, ಗಂಟು ಬಿಚ್ಚುವುದು.

ಪುಣೆಯ ಸಭಾಗೃಹದಲ್ಲಿ ಆಕೆ ಮೊದಲ ಬಾರಿಗೆ ಅಚ್ಚಾದ ಪತ್ರಿಕೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾಲ್ಕಾಗಿ ಮಡಚಿ ತಂಬೂರಿಯ ಚೀಲದಲ್ಲಿ ಇಟ್ಟಳು.

ಪ್ರತಿ ಊರಿನಲ್ಲಿಯೂ ಮೊದಲು ಖ್ಯಾಲು, ಆಮೇಲೆ ಪದಗಳು. ಭಾಷೆ ಬಾರದ ಜನ ಪದಗಳಿಗೇ ಹೆಚ್ಚು ಮನಸೋತರು. ಇಂದೂರದಲ್ಲಿ ಒಬ್ಬ ವಯೋವೃದ್ಧ ರಸಿಕರು ನೀರಿನ ಪದದ ಅರ್ಥವನ್ನು ನನ್ನಿಂದ ಕೇಳಿ ತಿಳಿದುಕೊಂಡು, ಕೊಡ ಹೊತ್ತ ಹೆಣ್ಣಿನ ಸೊಂಟದ ಭಾರ ಗಂಡಸಾದ ನಿಮ್ಮ ಗುರುಗಳಿಗೆ ತಿಳಿದದ್ದಾದರೂ ಹೇಗೆಂದು ಬೆರಗಾದರು. ಆಕೆ ಅಲ್ಲಿಯೇ ನಿಂತಿದ್ದಳು. ನನ್ನ ಮುಖವನ್ನು ನೋಡಿದಳು. ನಾನು ಪೇಟಿಯ ಮುಚ್ಚಳ ಹಾಕತೊಡಗಿದೆ...

ಕಲಕತ್ತೆಯಲ್ಲಿ ಧ್ವನಿಮುದ್ರಿಕೆಯ ಕಂಪನಿಯ ಒಬ್ಬ ಗೃಹಸ್ಥರು ನಾವಿಳಿದ ಧರ್ಮಶಾಲೆಗೆ ಬಂದರು. ಹಿಂದಿನ ಸಂಜೆ ಹಾಡಿಕೆ ಕೇಳಿದ್ದರು. ಎರಡು ಪದಗಳನ್ನು ಮರುದಿನವೇ ಮುದ್ರಿಸಿಕೊಳ್ಳುವ ಆಸೆ ಅವರದು. ಆದರೆ ಪತ್ರಿಕೆಯಲ್ಲಿ ತೀರಿಹೋದವರ ಹೆಸರಿದೆ, ಹಾಗಿದ್ದರೆ ಮನೆಯವರ ಲಿಖಿತ ಒಪ್ಪಿಗೆ ಬೇಕು, ಗಾಯಕಿಯದೇ ರಚನೆಯಾಗಿದ್ದರೆ ತೊಡಕಿಲ್ಲ ಎಂದರು. ಅತ್ತೆಯವರು, ‘ಏನಂತಾರವಾ?’ ಎಂದು ಸೋದರಸೊಸೆಯನ್ನು ಕೇಳಿದರು. ಆಕೆ ಅವರಿಗೆ ಉತ್ತರ ಕೊಡದೆ ನನ್ನ ಹತ್ತಿರ ಬಂದು, ತೀರ ಸಣ್ಣ ದನಿಯಲ್ಲಿ ಹೇಳಿದಳು:

‘ಅಣ್ಣಾರ, ನೀವ ಹೇಳ್ರಿ. ನಾ ಹೇಳಿದರ ಗುರುಗಳ ಅಂಕಿತ ಕದ್ದು ತಿರುಗಿ ಬೇಡಿದಂಗ ಆಗತೈತಿ. ನಿಮಗೊಬ್ಬರಿಗೇ ಗೊತ್ತೈತಿ.’

ನಿಜವಾಗಿಯೂ ನನಗೊಬ್ಬನಿಗೇ ಗೊತ್ತಿತ್ತು. ಆದರೆ ಗುರುಗಳ ಹೆಸರನ್ನು ಬರೆದ ಕೈಯಿಂದಲೇ ಅದನ್ನು ಹೊಡೆದುಹಾಕುವುದು ನನಗೆ ಗುರುದ್ರೋಹವೆಂದು ತೋರಿತು. ಜೊತೆಗೆ, ಬರೆದದ್ದು ಸುಳ್ಳೆಂದು ಪರವೂರಿನ ಗೃಹಸ್ಥರ ಮುಂದೆ ಒಪ್ಪಿಕೊಳ್ಳುವ ನಾಚಿಕೆ. ಭಕ್ತಿ ಎಷ್ಟು, ನಾಚಿಕೆ ಎಷ್ಟು ಎಂದು ಇಂದಿಗೂ ಬೇರ್ಪಡಿಸಿ ಹೇಳಲಾರೆ. ‘ಸಬ್ ಗುರುಜೀ ಕಾ ಹೈ’, ಎಲ್ಲವೂ ಗುರುಗಳದೇ, ಎಂದು ಕೈಮುಗಿದೆ.

ಆ ಗೃಹಸ್ಥರೂ ಗೌರವದಿಂದ ಕೈಮುಗಿದು ಹೊರಟುಹೋದರು. ಗುರುಗಳ ಮಗನಿಗೆ ಅವರು ಬರೆದ ಪತ್ರಕ್ಕೆ ಉತ್ತರವೇ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಮುದ್ರಿಕೆ ಆಗಲಿಲ್ಲ. ಆಕೆ ಅಂದು ಕಿಟಕಿಯ ಬಳಿ ಕುಳಿತು ತಂಬೂರಿಯ ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದಳು. ಪಯಣ ಹೊರಡುವಾಗ ಸಡಿಲಿಸುವ ತಂತಿಗಳು ಅವು; ಪಯಣಕ್ಕೆ ಇನ್ನೂ ಎರಡು ದಿನವಿತ್ತು.

ಕೊಲ್ಹಾಪುರದ ಕೊನೆಯ ಹಾಡಿಕೆಗೆ ಗಡಹಿಂಗ್ಲಜದಿಂದ ಎರಡು ಬಸ್ಸು ಜನ ಬಂದಿದ್ದರು. ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು. ದನಿ ಮಾತ್ರ ಸ್ವಚ್ಛವಾಗಿತ್ತು. ನೀರಿನ ಪದವನ್ನು ಎತ್ತಿಕೊಂಡು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಿಂತುಬಿಟ್ಟಳು. ಅಂಕಿತ ಬರಲಿಲ್ಲ. ಚಾಚಾ ಒಂದು ಆವರ್ತನ ಕಾದರು, ಎರಡು ಕಾದರು, ‘ಕಾಯ್ ಝಾಲಂ, ಬಾಳ?’ ಏನಾಯಿತು ಮಗು ಎಂದು ಮೆಲ್ಲಗೆ ಕೇಳಿದರು. ಆಕೆ ತಲೆಯಲ್ಲಾಡಿಸಿ ಮುಂದಿನ ಪದಕ್ಕೆ ಹೋದಳು. ಅದನ್ನೂ ಹಾಗೆಯೇ ಬಿಟ್ಟಳು. ಮೂರನೆಯದನ್ನೂ. ಮಗಳು ದಣಿದಿದ್ದಾಳೆಂದು ಜನ ಮರುಗಿದರು.

ಪರದೆಯ ಹಿಂದೆ ನಾನು ಸಿಟ್ಟಿನಿಂದಲೇ ಕೇಳಿದೆ, ಗುರುಗಳ ಹೆಸರನ್ನು ನುಂಗಿದೆಯಲ್ಲ ಎಂದು.

‘ಆ ಸಾಲು ಗುರುಗಳದ್ರಿ, ಅಣ್ಣಾರ. ನಂದಷ್ಟ ಹಾಡಿದೆ’ ಎಂದಳು. ಕಾಲುಮುಟ್ಟಿ ನಮಸ್ಕರಿಸಿ ಅತ್ತೆಯ ಹಿಂದೆ ಹೊರಟಳು.

ಆಮೇಲೆ ಆಕೆ ಪದ ಕಟ್ಟಲಿಲ್ಲ. ಮರುವರ್ಷ ಕುರುಂದವಾಡದ ಒಕ್ಕಲು ಮನೆತನಕ್ಕೆ ಸೊಸೆಯಾಗಿ ಹೋದಳು. ಎರಡು ಸಲ ಮದುವೆಮನೆಗಳಲ್ಲಿ ಕಂಡಿದ್ದೆ. ಊಟಕ್ಕೆ ಏಳಿಸಿದಳು, ಮಕ್ಕಳನ್ನು ತೋರಿಸಿದಳು, ಸಂಗೀತದ ಮಾತು ಎತ್ತಲಿಲ್ಲ. ತೀರಿಕೊಂಡು ಈಗ ಒಂಬತ್ತು ವರ್ಷ. ಅತ್ತೆಯವರೂ ಇಲ್ಲ, ಚಾಚಾ ಇಲ್ಲ... ಹದಿನಾಲ್ಕು ಪದಗಳು ಮಾತ್ರ ಊರೂರಿನ ಭಜನಾ ಮೇಳಗಳಲ್ಲಿ ಗುರುಗಳ ಪದಗಳೆಂದು ಇಂದಿಗೂ ನಡೆಯುತ್ತಿವೆ.

ಕಳೆದ ವರ್ಷ ಗುರುಗಳ ಪುಣ್ಯತಿಥಿಗೆ ಗಡಹಿಂಗ್ಲಜಕ್ಕೆ ಹೋದಾಗ, ಕೋಲು ಊರಿ ಎದ್ದು ನಿಂತು, ಇವು ಆಕೆಯ ರಚನೆಗಳೆಂದು ಹೆಸರು ಹಿಡಿದು ಹೇಳಿದೆ. ಹಿರಿಯ ಶಿಷ್ಯ ಕಿರಿಯ ಶಿಷ್ಯೆಯನ್ನು ಹೊಗಳುತ್ತಿದ್ದಾನೆಂದು ತಿಳಿದು ಜನ ಚಪ್ಪಾಳೆ ಹೊಡೆದರು. ಮೇಳದವರು ಪದ ಮುಂದುವರಿಸಿದರು.

ಈ ಸುದ್ದಿ ಹೇಗೋ ಕುರುಂದವಾಡಕ್ಕೆ ಮುಟ್ಟಿತು. ಬಜೆಯ ವಾಸನೆ ಬಂದ ಆ ಸೋಮವಾರದಿಂದ ಎರಡನೆಯ ದಿನಕ್ಕೆ ಆಕೆಯ ಮಗಳು, ಈಗ ತಾನೇ ಅಜ್ಜಿಯಾದವಳು, ನನ್ನನ್ನು ಕಾಣಲು ಬಂದಳು. ನಾನು ಎಲ್ಲವನ್ನೂ ಹೇಳಿದೆ. ಕಲಕತ್ತೆಯದನ್ನೂ ಬಿಡಲಿಲ್ಲ. ಪದಗಳನ್ನು ಆಕೆಯ ಹೆಸರಿನಲ್ಲಿ ಅಚ್ಚು ಹಾಕಿಸುತ್ತೇನೆ, ಒಂದು ಲೇಖನವನ್ನೂ ಬರೆಯುತ್ತೇನೆ ಎಂದೆ. ಮಗಳು ಚಹದ ಬಟ್ಟಲನ್ನು ಕೆಳಗಿಟ್ಟಳು.

‘ಬರೀರಿ, ಅಜ್ಜಾರ. ಹೆಸರು ಮಾತ್ರ ಹಾಕಬ್ಯಾಡ್ರಿ’ ಎಂದಳು. ‘ಅವ್ವಗ ಬೇಕಾಗಿದ್ದು ನೀವು ಹೇಳೂದು. ಅವ್ವ ಕೇಳೂ ಹಂಗ ಹೇಳೂದು. ಈಗ ಹಾಕಿ ಯಾರಿಗೆ ಓದಸ್ತೀರಿ?’

ಇಷ್ಟೆಲ್ಲ ಬರೆದು ಮುಗಿಸಿದ ಮೇಲೂ ಆಕೆಯ ಹೆಸರು ಇಲ್ಲಿ ಎಲ್ಲಿಯೂ ಬಂದಿಲ್ಲ.