ಫರಾಳ ಊಟ ಅಲ್ಲ

ಮೊನ್ನೆ ಔಷಧಿ ಅಂಗಡ್ಯಾಗ ನನ್ನ ಬಿಪಿ ಗುಳಿಗಿ ಕೈಗಿಟ್ಟ ಹೆಣ್ಣುಮಗಳು, "ಊಟ ಆದ್ಮ್ಯಾಲೆ ಒಂದು ತಗೋರಿ, ಅಜ್ಜಾ" ಅಂದಳು. ನಾ ನಕ್ಕುಬಿಟ್ಟೆ. ಪಾಪ, ಅದೇ ಮಾತು ನಾ ಎಷ್ಟು ಮಂದಿಗೆ ಹೇಳೀನಿ ಅಂತ ಆಕಿಗೆ ಹ್ಯಾಂಗ ಗೊತ್ತಾಗಬೇಕು?

ಎಂಬತ್ತರ ದಶಕದಾಗ ಜೇವರ್ಗಿ ಕಡೆ ಒಂದು ಸಣ್ಣ ದವಾಖಾನ್ಯಾಗ ನಾ ಕಂಪೌಂಡರ್ ಇದ್ದೆ. ಡಾಕ್ಟರು ವಾರಕ್ಕ ಎರಡು ದಿನ ಬರ್ತಿದ್ರು, ಉಳಿದ ದಿನ ನಂದೇ ದರ್ಬಾರ. ನನ್ನ ಬಾಯಿ ಜರಾ ಜೋರು, ನಿಮ್ಮ ಮುಂದ ಮುಚ್ಚಿಡೋದು ಏನದ. ಒಂದ್ಸಲ ಶ್ರಾವಣ ಮುಗಿಯೋ ಹೊತ್ತಿಗೆ ಕೊಳಕೂರದ ಶಾಂತವ್ವ ಬಂದಳು. ಬ್ಯಾಸಗ್ಯಾಗ ಹದಕ್ಕ ಬಂದಿದ್ದ ಆಕಿ ಬಿಪಿ ಮತ್ತ ಮ್ಯಾಲೇರಿ ಕೂತಿತ್ತು.

"ಗುಳಿಗಿ ತಪ್ಪಿಸೀರಿ" ಅಂದೆ.

"ಒಂದೂ ತಪ್ಪಿಸಿಲ್ರಿ."

"ಸುಳ್ಳು ಹೇಳಬ್ಯಾಡ್ರಿ ಯವ್ವಾ. ನಾಳೆ ಲಕ್ವಾ ಹೊಡದ್ರ ಏನ್ ಮಾಡ್ತೀರಿ?"

ಶಾಂತವ್ವ ಎಡಗೈ ನನ್ನ ಮುಂದ ಚಾಚಿದಳು. "ನಮ್ಮವ್ವಗ ಲಕ್ವಾ ಹೊಡದು ಈ ಕೈನೇ ಬಿತ್ರಿ. ಅಂಗೈಯಾಗ ಲಿಂಗ ಹಿಡಿಯಾಕ ಬರಲಾರದಕ್ಕ ಅಳ್ಕೋತ ಸತ್ಲು. ಅದನ್ನ ನೋಡಿದಾಕಿ ನಾ ಗುಳಿಗಿ ತಪ್ಪಿಸ್ತೇನೇನ್ರಿ? ಊಟ ಆದ್ಮ್ಯಾಲೆ ಅಂದಾವ್ರು ನೀವು. ಶ್ರಾವಣ ತಿಂಗಳು ಪೂರಾ ನಂದು ಉಪವಾಸ, ಬರೇ ಫರಾಳ. ಫರಾಳ ಊಟ ಹ್ಯಾಂಗ ಆಗ್ತದ್ರಿ? ಊಟ ಇಲ್ಲದ ಗುಳಿಗಿ ಹ್ಯಾಂಗ ತಗೊಳ್ಲಿ?"

ಸಾಬುದಾಣಿ, ಶೇಂಗಾ ಹೊಟ್ಟಿ ತುಂಬ ತಿಂದ್ರೂ ನಮ್ಮ ಕಡೆ ಅದಕ್ಕ ಯಾರೂ ಊಟ ಅನ್ನಂಗಿಲ್ಲ. ನಮ್ಮನ್ಯಾಗೂ ಸೋಮವಾರ ಅದೇ ಫರಾಳ. ನನಗ ಹೊಳೀಬೇಕಿತ್ತು, ಹೊಳೀಲಿಲ್ಲ. ನನ್ನ ಮಾತು ಅಕ್ಷರ ತಪ್ಪದ ನಡಿಸಿದಾಕಿಗೇ ಸುಳ್ಳುಗಾರ್ತಿ ಅಂದಿದ್ದೆ. ಭಾಳ ನಾಚಿಕಿ ಆತು.

"ತಪ್ಪು ನಂದರಿ. ಲಿಂಗಪೂಜಿ ಯಾವತ್ತರೆ ತಪ್ಪಿಸೀರೇನು?" ಅಂದೆ.

"ಜೀವ ಇರೋತನಕ ಇಲ್ರಿ."

ಡಾಕ್ಟರ್ ಬಂದ ದಿನ ಅವರನ್ನ ಕೇಳಿ ಆಕಿಗೆ ಹೇಳಿ ಕಳಿಸಿದೆ: ಪೂಜಿ ಮುಗಿದ ಕೂಡ್ಲೇ ಗುಳಿಗಿ, ಉಪವಾಸ ಇರಲಿ, ಬಿಡಲಿ. ಎರಡು ತಿಂಗಳಿಗೆ ಬಿಪಿ ಹದಕ್ಕ ಬಂತು, ಮುಂದಿನ ಶ್ರಾವಣದಾಗೂ ಏರಲಿಲ್ಲ. ಆಮ್ಯಾಲೆ ಬಿಪಿ ಅಂತ ಬಂದ ಎಲ್ಲಾರಿಗೂ ನಾ ಮೊದಲು ಕೇಳೋದು ಒಂದೇ: ದಿನಾ ಏನು ತಪ್ಪಿಸಂಗಿಲ್ಲ ನೀವು? ಒಬ್ಬರಿಗೆ ನಮಾಜು, ಒಬ್ಬರಿಗೆ ಮುಂಜಾನಿ ಚಾ. ಗುಳಿಗಿ ಅದರ ಬೆನ್ನಿಗೇ ಹಚ್ಚತಿದ್ದೆ.

ಶಾಂತವ್ವ ಎಂಬತ್ತು ದಾಟಿ ಬದುಕಿದಳು. ಹೋದ ದಿನ ಮುಂಜಾನೇನೂ ಎಡಗೈಯಾಗ ಲಿಂಗ ಹಿಡಿದು, ಪೂಜಿ ತಾನೇ ಮುಗಿಸಿದಳಂತ. ಅದರಾಗ ನಂದೂ ಒಂದು ಚೂರು ಪಾಲದ ಅಂತ ಇವತ್ತಿಗೂ ಎದಿ ಉಬ್ಬಿಸಿ ಹೇಳ್ತೇನಿ. ಅಹಂಕಾರ ಅಂದ್ರ ಅನ್ರಿ.